ಬಾಲು ಮಹೇಂದ್ರ: ‘ಕೋಕಿಲ’ದ ನಿರ್ದೇಶಕರನ್ನು ಯಾವ ಚಿತ್ರದಿಂದ ಅಳೆಯಬೇಕು?

ಮಲೆನಾಡ ಗುಮಾಸ್ತ

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಮಗಳ ಮನೆಯಲ್ಲಿ ಬಾಲು ಮಹೇಂದ್ರ ಅವರ 1982ರ ತಮಿಳು ಚಿತ್ರ ‘ಮೂನ್ರಾಮ್ ಪಿರೈ’ ನೋಡುತ್ತಿದ್ದೆವು. ಕಡೆಯ ದೃಶ್ಯಕ್ಕೆ ಎಲ್ಲರಂತೆ ಅಳಿಯನೂ ಕಣ್ಣೊರೆಸಿಕೊಂಡು, ಈ ಬಾಲು ಮಹೇಂದ್ರ ಕನ್ನಡದಲ್ಲೂ ಒಂದು ಸಿನಿಮಾ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದ. ಅವರ ಮೊದಲ ಸಿನಿಮಾವೇ ಕನ್ನಡದ್ದಪ್ಪ ಎಂದೆ. ನಂಬಲಿಲ್ಲ. ಮೊಬೈಲ್ ತೆಗೆದು, ‘ಕೋಕಿಲ’, 1977 ಎಂದು ಓದಿದ ಮೇಲೆ ಸುಮ್ಮನಾದ. ಮಾವನ ಮಾತು ನಿಜವಾಗುವುದು ಆ ಮನೆಯಲ್ಲಿ ಅಪರೂಪ, ಆದ್ದರಿಂದ ಇಲ್ಲಿ ದಾಖಲಿಸುತ್ತಿದ್ದೇನೆ.

ಆಗ ನಾನು ಬ್ಯಾಂಕಿಗೆ ಸೇರಿದ ಹೊಸತು. ತೀರ್ಥಹಳ್ಳಿ ಕಡೆಯವನನ್ನು ಎತ್ತಿಕೊಂಡು ಹೋಗಿ ಮದ್ರಾಸಿನ ಶಾಖೆಯ ಕೌಂಟರಿನಲ್ಲಿ ಕೂರಿಸಿದ್ದರು. ತಮಿಳು ಬಾರದು, ಸೆಕೆ ತಡೆಯದು, ಸಂಜೆ ಎತ್ತ ಹೋಗಬೇಕೆಂದು ತಿಳಿಯದು. ಪಕ್ಕದ ಕೌಂಟರಿನವರು ಅಪ್ಪಟ ಮೈಲಾಪುರದವರು. ‘ನಿಮ್ಮ ಭಾಷೆಯ ಪಡ ಓಡುತ್ತಿದೆ, ನಾನು ಎರಡು ಸಲ ನೋಡಿದೆ’ ಎಂದು ಕರೆದುಕೊಂಡು ಹೋದರು. ಟಾಕೀಸು ತುಂಬ ತಮಿಳರು. ಮೊದಮೊದಲು ಅವರು ನನ್ನ ಕಡೆ ಬಾಗಿ, ಅವಳು ಏನೆಂದಳು ಎಂದು ಕೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಕೇಳುವುದನ್ನೇ ಬಿಟ್ಟರು. ಕೇಳುವ ಅಗತ್ಯವಿರಲಿಲ್ಲ. ಕಮಲ್ ಹಾಸನ್, ಶೋಭಾ, ರೋಜಾ ರಮಣಿ; ಜೊತೆಗೆ ಬಿ. ವಿ. ಕಾರಂತರ ಕಣ್ಣಿಗೆ ಬಿದ್ದು ರಂಗಭೂಮಿಯಿಂದ ಬಂದ ನಮ್ಮ ಮೋಹನ್. ತಮಿಳುನಾಡಿನಲ್ಲಿ ಆತ ಇಂದಿಗೂ ‘ಕೋಕಿಲ ಮೋಹನ್’. ಸಂಗೀತ ಸಲಿಲ್ ಚೌಧರಿ ಅವರದು. ಕಪ್ಪು ಬಿಳುಪಿನ ಆ ಚಿತ್ರ ಮದ್ರಾಸಿನಲ್ಲಿ ನೂರೈವತ್ತು ದಿನ ಓಡಿತು. ಛಾಯಾಗ್ರಹಣಕ್ಕೆ ರಾಷ್ಟ್ರ ಪ್ರಶಸ್ತಿಯೂ ಬಂತು.

ಕತೆ ಹೇಳಬೇಕೆಂದರೆ ಎರಡು ಸಾಲು. ಮನೆಯೊಂದರಲ್ಲಿ ಬಾಡಿಗೆಗಿರುವ ಬ್ಯಾಂಕ್ ಉದ್ಯೋಗಿ, ಮನೆಯ ಮಗಳ ಮೇಲೆ ಪ್ರೀತಿ, ಆಕೆ ಊರಲ್ಲಿಲ್ಲದಾಗ ಮನೆಗೆಲಸದ ಹುಡುಗಿಯೊಂದಿಗೆ ನಡೆದುಹೋಗುವ ಒಂದು ತಪ್ಪು, ಅದರ ಹೊಣೆ. ನಾನೂ ಬ್ಯಾಂಕಿನವನು, ನಾನೂ ಬಾಡಿಗೆ ಕೋಣೆಯವನು. ಆ ರಾತ್ರಿ ಕೋಣೆಗೆ ಬಂದು ಮಾಲೀಕರ ಮನೆಯ ಬಾಗಿಲಿನ ಕಡೆ ತಿರುಗಿಯೂ ನೋಡಲಿಲ್ಲ.

ನನ್ನ ಪ್ರಶ್ನೆ ಇಷ್ಟು. ಅಳಿಯನ ತಲೆಮಾರಿಗೆ ಬಾಲು ಮಹೇಂದ್ರ ಎಂದರೆ ‘ಮೂನ್ರಾಮ್ ಪಿರೈ’ ಮಾತ್ರ. ನನಗೆ ಅದು ಅವರ ಅತ್ಯುತ್ತಮ ಚಿತ್ರವೆಂದು ಅನ್ನಿಸುವುದಿಲ್ಲ. ನಿಮಗೆ?

ಚಾಂಪಿಯನ್ ರೀಫ್

ಗುಮಾಸ್ತರೇ, ನನಗೆ ಅದೇ ಅತ್ಯುತ್ತಮ, ಜಗಳಕ್ಕೆ ಸಿದ್ಧನಿದ್ದೇನೆ. ನಾನು ಕೆಜಿಎಫ್‌ನವನು. ನಮ್ಮ ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಅಂಗಡಿಬೀದಿಯಲ್ಲಿ ತೆಲುಗು. ಅಪ್ಪ ಗಣಿಯ ಪಾಳಿ ಮುಗಿಸಿ ಬಂದ ದಿನ ಅಮ್ಮ ನಮ್ಮನ್ನೆಲ್ಲ ಆ ಚಿತ್ರಕ್ಕೆ ಎಳೆದುಕೊಂಡು ಹೋದಳು. ಸಿಲ್ಕ್ ಸ್ಮಿತಾ ಬಂದಾಗ ನನ್ನ ಕಣ್ಣು ಮುಚ್ಚಿದಳು, ಕಡೆಯ ದೃಶ್ಯದ ಕೇತ್ತಿ ರೈಲು ನಿಲ್ದಾಣ ಬಂದಾಗ ತನ್ನ ಕಣ್ಣು ಮುಚ್ಚಿಕೊಂಡಳು. ಮಳೆಯಲ್ಲಿ, ಕೆಸರಿನಲ್ಲಿ, ತಲೆಯ ಮೇಲೆ ಪಾತ್ರೆ ಹೊತ್ತು ಕೋತಿಯಂತೆ ಕುಣಿಯುವ ಮೇಷ್ಟ್ರು ಕಮಲ್. ರೈಲಿನ ಕಿಟಕಿಯಲ್ಲಿ, ಹಳೆಯ ನೆನಪು ಮರಳಿ ತನ್ನನ್ನು ಕಾಪಾಡಿದವನನ್ನೇ ಮರೆತು, ಅವನನ್ನು ಯಾರೋ ಹುಚ್ಚನೆಂದುಕೊಳ್ಳುವ ಶ್ರೀದೇವಿ. ಪಾಪದವನು ಎಂದು ತಿನ್ನಲು ಏನೋ ಎಸೆಯುತ್ತಾಳಲ್ಲ, ಅಲ್ಲಿಗೆ ನಮ್ಮ ಸಾಲಿನಲ್ಲಿ ಯಾರಿಗೂ ಉಸಿರಿಲ್ಲ.

ಕಮಲ್‌ಗೆ ಮೊದಲ ರಾಷ್ಟ್ರ ಪ್ರಶಸ್ತಿ ಬಂದದ್ದು ಅದಕ್ಕೇ, ಬಾಲು ಅವರಿಗೆ ಛಾಯಾಗ್ರಹಣದ ಎರಡನೆಯದೂ ಅದಕ್ಕೇ. ಕಣ್ಣದಾಸನ್ ಸಿನಿಮಾಕ್ಕೆ ಬರೆದ ಕೊನೆಯ ಹಾಡು ಇರುವುದೂ ಅದರಲ್ಲೇ. ಚಿತ್ರ ಬರುವ ಹೊತ್ತಿಗೆ ಕವಿ ತೀರಿಕೊಂಡಿದ್ದರು. ಮುಂದಿನ ವರ್ಷ ಅದೇ ಜೋಡಿಯೊಂದಿಗೆ ‘ಸದ್ಮಾ’ ಎಂದು ಹಿಂದಿಗೆ ಕೊಂಡೊಯ್ದರು. ಇನ್ನೇನು ಬೇಕು?

ಬೆಳಕಿಂಡಿ

ಛಾಯಾಗ್ರಹಣದ ಸಹಾಯಕನಾಗಿ ಆರು ವರ್ಷದಿಂದ ಹೊಟ್ಟೆ ಹೊರೆಯುತ್ತಿರುವವನು ನಾನು. ಇಬ್ಬರೂ ಕತೆಯ ಕಡೆಯಿಂದಲೇ ಮಾತಾಡುತ್ತಿದ್ದೀರಿ, ಸ್ವಲ್ಪ ಬೆಳಕಿನ ಕಡೆಗೂ ಬನ್ನಿ.

ಬಾಲು ಮಹೇಂದ್ರ ನಿರ್ದೇಶಕರಾಗುವ ಮೊದಲೇ ಹೆಸರು ಮಾಡಿದ್ದ ಕ್ಯಾಮೆರಾಮನ್. ಹುಟ್ಟಿದ್ದು 1939ರಲ್ಲಿ, ಶ್ರೀಲಂಕಾದ ಮಟ್ಟಕಳಪ್ಪು ಹತ್ತಿರದ ಅಮಿರ್ತಕಳಿಯಲ್ಲಿ. ಶಾಲಾ ಹುಡುಗನಾಗಿದ್ದಾಗ ಡೇವಿಡ್ ಲೀನ್ ಅಲ್ಲಿಗೆ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ ಚಿತ್ರೀಕರಿಸಲು ಬಂದಿದ್ದರು. ಮಳೆ ಎಂದು ಆ ದೊರೆ ಕೂಗಿದ ತಕ್ಷಣ ಮಳೆ ಸುರಿಯಿತಂತೆ. ದೇವರು ಮಾಡುವ ಕೆಲಸವನ್ನು ಒಬ್ಬ ಮನುಷ್ಯ ಮಾಡಿದ್ದನ್ನು ನೋಡಿದ ಹುಡುಗ ಅಂದೇ ತನ್ನ ದಾರಿ ಗೊತ್ತುಮಾಡಿಕೊಂಡ ಎಂಬುದನ್ನು ಅವರೇ ಅನೇಕ ಸಲ ಹೇಳಿದ್ದಾರೆ. ಮುಂದೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಛಾಯಾಗ್ರಹಣ ಕಲಿತು 1969ರಲ್ಲಿ ಚಿನ್ನದ ಪದಕದೊಂದಿಗೆ ಹೊರಬಂದರು. ಮೊದಲು ಕೈಹಿಡಿದದ್ದು ಮಲಯಾಳ, ರಾಮು ಕಾರ್ಯಾಟ್ ಅವರ ‘ನೆಲ್ಲು’. ಅದಕ್ಕೆ ಕೇರಳದ ರಾಜ್ಯ ಪ್ರಶಸ್ತಿ.

ಆ ಕಾಲದ ಸ್ಟುಡಿಯೋ ಚಿತ್ರಗಳನ್ನು ನೆನಪಿಸಿಕೊಳ್ಳಿ. ರಾತ್ರಿ ಎರಡು ಗಂಟೆಯ ದೃಶ್ಯ, ಆದರೆ ನಾಯಕನ ಮುಖದಲ್ಲಿ ನಡುಮಧ್ಯಾಹ್ನ. ಹಿಂದಿನ ಗೋಡೆಯ ಮೇಲೆ ಅವನಿಗೆ ಮೂರು ನೆರಳು. ಬಾಲು ಕೇಳಿದ್ದು ಬಹಳ ಸರಳವಾದ ಪ್ರಶ್ನೆ: ಈ ಕೋಣೆಯಲ್ಲಿ ಬೆಳಕು ಎಲ್ಲಿಂದ ಬರುತ್ತಿದೆ? ಕಿಟಕಿಯಿಂದ ಬರುತ್ತಿದ್ದರೆ ಕಿಟಕಿಯ ಕಡೆಯ ಕೆನ್ನೆ ಮಾತ್ರ ಬೆಳಗಲಿ, ಇನ್ನೊಂದು ಕತ್ತಲಲ್ಲಿರಲಿ, ಅದು ಕಮಲ್ ಹಾಸನ್‌ನ ಕೆನ್ನೆಯಾದರೂ ಸರಿ. ಇದನ್ನು ಇಂದು ಹೇಳುವುದು ಸುಲಭ. ಈಗಿನ ಕ್ಯಾಮೆರಾಗಳಿಗೆ ಬೀಡಿಯ ಕಿಡಿಯೂ ಸಾಕು. ಆಗಿನ ಫಿಲ್ಮ್ ರೀಲಿಗೆ ಬೆಳಕು ಸಾಲದೆ ಹೋದರೆ ದಿನದ ಕೆಲಸವೆಲ್ಲ ಲ್ಯಾಬಿನಲ್ಲಿ ಮಸಿಯಾಗಿ ಬರುತ್ತಿತ್ತು, ಅದೂ ಎಷ್ಟೋ ದಿನದ ಮೇಲೆ ಗೊತ್ತಾಗುತ್ತಿತ್ತು. ಆ ಭಯವನ್ನು ನುಂಗಿಕೊಂಡು ಕತ್ತಲನ್ನು ಬಿಡುವವನಿಗೆ ಎದೆ ಬೇಕು.

ಬೇರೆಯವರಿಗೆ ಮಾಡಿಕೊಟ್ಟ ಕೆಲಸವನ್ನೂ ನೋಡಿ. ಮಹೇಂದ್ರನ್ ಅವರ ‘ಮುಳ್ಳುಂ ಮಲರುಂ’ನಲ್ಲಿ ರಜನಿಕಾಂತ್ ಅವರನ್ನು ಒಬ್ಬ ಮನುಷ್ಯನಂತೆ ತೋರಿಸಿದ್ದು ಈ ಕ್ಯಾಮೆರಾ, ಅದರಲ್ಲಿ ನಮ್ಮ ಶೃಂಗೇರಿಯ ಸುತ್ತಿನ ಹಸಿರಿದೆ. ತೆಲುಗಿನ ‘ಶಂಕರಾಭರಣಂ’ ಇವರದೇ. ಇನ್ನು 1983ರ ‘ಪಲ್ಲವಿ ಅನು ಪಲ್ಲವಿ’. ಯಾರ ಬಳಿಯೂ ಸಹಾಯಕನಾಗಿ ದುಡಿಯದೆ ನೇರವಾಗಿ ನಿರ್ದೇಶನಕ್ಕೆ ಇಳಿದ ಮಣಿರತ್ನಂ ಎಂಬ ಹುಡುಗನ ಮೊದಲ ಚಿತ್ರಕ್ಕೆ, ಅದೂ ಕನ್ನಡಕ್ಕೆ, ರಾಷ್ಟ್ರ ಪ್ರಶಸ್ತಿ ಪಡೆದ ನಿರ್ದೇಶಕನೊಬ್ಬ ಕ್ಯಾಮೆರಾಮನ್ ಆಗಿ ಬಂದು ನಿಲ್ಲುವುದೆಂದರೆ ಸಣ್ಣ ಮಾತಲ್ಲ. ತಮಿಳಿನ ಇಬ್ಬರು ದೊಡ್ಡ ನಿರ್ದೇಶಕರು ನಮ್ಮ ಅಂಗಳದಲ್ಲಿ ಓಂಕಾರ ಬರೆದು, ಆಮೇಲೆ ಅಂಗಳ ದಾಟಿ ಹೋದರು.

ಮಲೆನಾಡ ಗುಮಾಸ್ತ

ಬೆಳಕಿಂಡಿಯವರೇ, ಆ ಕೊನೆಯ ಸಾಲು ನನಗೆ ಚುಚ್ಚಿತು. ಹೋದರು ಎನ್ನುವುದಕ್ಕಿಂತ ನಾವು ಉಳಿಸಿಕೊಳ್ಳಲಿಲ್ಲ ಎನ್ನಬೇಕೇನೋ. ‘ಕೋಕಿಲ’ವನ್ನು ಆಮೇಲೆ ಅವರು ಮಲಯಾಳದಲ್ಲಿ ‘ಊಮಕ್ಕುಯಿಲ್’ ಎಂದು ಮಾಡಿದರು, 1996ರಲ್ಲಿ ‘ಔರ್ ಏಕ್ ಪ್ರೇಮ್ ಕಹಾನಿ’ ಎಂದು ಹಿಂದಿಯಲ್ಲೂ ಮಾಡಿದರು. ಆ ಕತೆ ಅವರನ್ನು ಇಪ್ಪತ್ತು ವರ್ಷ ಬಿಡಲಿಲ್ಲ. ಕನ್ನಡವನ್ನು ಮಾತ್ರ ನಿರ್ದೇಶಕರಾಗಿ ಮತ್ತೆ ಮುಟ್ಟಲಿಲ್ಲ.

ಶರಾವತಿ

ಆ ಕತೆ ಅವರನ್ನು ಯಾಕೆ ಬಿಡಲಿಲ್ಲ ಎಂಬುದನ್ನು ಯಾರಾದರೂ ಕೇಳುತ್ತೀರಿ ಎಂದು ಕಾಯುತ್ತಿದ್ದೆ. ಕೇಳಲಿಲ್ಲ, ನಾನೇ ಕೇಳುತ್ತೇನೆ.

‘ಕೋಕಿಲ’: ಒಬ್ಬ ಗಂಡಸು, ಇಬ್ಬರು ಹೆಂಗಸರು. ‘ಓಳಂಗಳ್’: ಹೆಂಡತಿ ಮಕ್ಕಳಿರುವ ಗಂಡಸು, ಹಳೆಯ ಸಂಬಂಧದಲ್ಲಿ ಹುಟ್ಟಿದ ಮಗ. ‘ರೆಟ್ಟೈ ವಾಲ್ ಕುರುವಿ’: ಹೆಸರೇ ಎರಡು ಬಾಲದ ಗುಬ್ಬಿ, ಎರಡು ಸಂಸಾರ. ‘ಮರುಪಡಿಯುಂ’: ಮಹೇಶ್ ಭಟ್ ಅವರ ‘ಅರ್ಥ್’ನ ಮರುರೂಪ, ಹೆಂಡತಿಯನ್ನು ಬಿಟ್ಟು ನಟಿಯ ಬಳಿ ಹೋಗುವ ನಿರ್ದೇಶಕ. ‘ಸತಿ ಲೀಲಾವತಿ’: ಅದೇ ವಿಷಯ, ಈ ಸಲ ನಗುವಿಗೆ. ಒಂದೇ ಹುಣ್ಣನ್ನು ಒಬ್ಬ ಮನುಷ್ಯ ಎಷ್ಟು ಸಲ ಕೆರೆದುಕೊಳ್ಳಬಹುದು?

ಶೋಭಾ ಅವರ ಹೆಸರನ್ನು ಗುಮಾಸ್ತರು ಒಂದು ಸಾಲಿನಲ್ಲಿ ಹೇಳಿ ದಾಟಿಬಿಟ್ಟರು. ‘ಕೋಕಿಲ’ ಬಂದಾಗ ಆಕೆಗೆ ಹದಿನೈದರ ಆಸುಪಾಸು. ‘ಅಳಿಯಾದ ಕೋಲಂಗಳ್’ನಲ್ಲಿ ಹುಡುಗರ ಮನಸ್ಸು ಕದಿಯುವ ಟೀಚರ್ ಆಕೆ, ‘ಮೂಡು ಪನಿ’ಯ ನಾಯಕಿ ಆಕೆ. ‘ಪಸಿ’ ಚಿತ್ರಕ್ಕೆ ಶ್ರೇಷ್ಠ ನಟಿಯೆಂದು ರಾಷ್ಟ್ರ ಪ್ರಶಸ್ತಿ ಪಡೆದಿದ್ದಳು. 1980ರ ಮೇ 1ರಂದು ತನ್ನ ಜೀವವನ್ನು ತಾನೇ ಕಳೆದುಕೊಂಡಾಗ ಹದಿನೇಳು ವರ್ಷ. ಬಾಲು ಅವರಿಗೆ ನಲವತ್ತು, ಮನೆಯಲ್ಲಿ ಸಂಸಾರವಿತ್ತು. ಅವರಿಬ್ಬರ ಸಂಬಂಧ ಗುಟ್ಟೇನಲ್ಲ, ಅವರೂ ಮುಚ್ಚಿಟ್ಟವರಲ್ಲ. ಚಾಂಪಿಯನ್ ರೀಫ್ ಅವರು ಅಳುತ್ತಾ ನೋಡಿದ ‘ಮೂನ್ರಾಮ್ ಪಿರೈ’ ಆ ಸಾವಿನ ದುಃಖದಿಂದ ಹುಟ್ಟಿದ್ದು ಎಂದು ಅವರೇ ಹೇಳಿದ್ದಾರೆ.

ಈಗ ಆ ಚಿತ್ರವನ್ನು ಇನ್ನೊಮ್ಮೆ ನೋಡಿ. ದೊಡ್ಡ ಹೆಣ್ಣಿನ ಮೈಯಲ್ಲಿ ಮಗುವಿನ ಮನಸ್ಸು. ಅವಳನ್ನು ಕಾಪಾಡುವ, ಮುದ್ದಿಸುವ, ಸೀರೆ ಉಡಿಸುವ ಗಂಡಸು. ಕೊನೆಗೆ ಅನ್ಯಾಯ ಯಾರಿಗೆ ಆಗುತ್ತದೆ? ಅವನಿಗೆ! ಅವಳು ಎಲ್ಲವನ್ನೂ ಮರೆತು ಸುಖವಾಗಿ ರೈಲು ಹತ್ತುತ್ತಾಳೆ, ಅವನು ಕೆಸರಿನಲ್ಲಿ ಬೀಳುತ್ತಾನೆ. ನಿಜ ಬದುಕಿನಲ್ಲಿ ಹೋದವರು ಯಾರು, ಉಳಿದವರು ಯಾರು?

ಚಾಂಪಿಯನ್ ರೀಫ್

ಅಕ್ಕಾ, ನಿಮ್ಮ ಮಾತಿಗೆ ಥಟ್ಟನೆ ಉತ್ತರವಿಲ್ಲ. ಆದರೂ ಕೇಳುತ್ತೇನೆ, ಕಲಾವಿದನ ಬದುಕನ್ನು ತಂದು ಚಿತ್ರದ ಮೇಲೆ ಹಾಕುವುದು ಸರಿಯೇ? ನನ್ನ ಅಮ್ಮ ಅತ್ತದ್ದು ಶ್ರೀನಿವಾಸನ್ ಎಂಬ ಮೇಷ್ಟರಿಗಾಗಿ, ಬಾಲು ಮಹೇಂದ್ರರಿಗಾಗಿ ಅಲ್ಲ.

ಶರಾವತಿ

ನಾನು ತಂದು ಹಾಕಿದ್ದಲ್ಲ ತಮ್ಮಾ. ಅವರೇ ತಂದಿಟ್ಟದ್ದನ್ನು ನೀವು ನೋಡದಂತೆ ದಾಟುತ್ತಿದ್ದೀರಿ, ಅಷ್ಟೆ. ನಿಮ್ಮ ಅಮ್ಮನ ಕಣ್ಣೀರು ಸುಳ್ಳೆಂದು ನಾನು ಹೇಳಲಿಲ್ಲ. ನಾನೂ ಅತ್ತಿದ್ದೇನೆ. ಎಂಟನೆಯ ಸಲ ನೋಡುವಾಗ ಅಳು ನಿಂತು ಸಿಟ್ಟು ಬಂತು.

ಮೂರನೆಯ ಸಾಲು

ಇನ್ನೊಂದು ಕೊಂಕು ನನ್ನದೂ ಇರಲಿ. ‘ಮೂಡು ಪನಿ’ ನೋಡಿದರೆ ಹಿಚ್‌ಕಾಕ್ ಅವರ ‘ಸೈಕೋ’ ನೆನಪಾಗುತ್ತದೆ. ‘ಓಳಂಗಳ್’ಗೆ ಎರಿಕ್ ಸೀಗಲ್ ಅವರ ಇಂಗ್ಲಿಷ್ ಕಾದಂಬರಿಯ ಋಣವಿದೆ. ‘ರೆಟ್ಟೈ ವಾಲ್ ಕುರುವಿ’, ‘ಸತಿ ಲೀಲಾವತಿ’, 2003ರ ‘ಜೂಲಿ ಗಣಪತಿ’, ಮೂರಕ್ಕೂ ಹಾಲಿವುಡ್ಡಿನಲ್ಲಿ ಅಣ್ಣಂದಿರಿದ್ದಾರೆ. ಇಷ್ಟೊಂದು ಎರವಲು ತಂದವರನ್ನು ಮಹಾ ನಿರ್ದೇಶಕ ಎನ್ನುವಾಗ ನಾಲಿಗೆ ಸ್ವಲ್ಪ ತಡವರಿಸುವುದಿಲ್ಲವೇ?

ಬೆಳಕಿಂಡಿ

ತಡವರಿಸಲಿ, ತಪ್ಪಿಲ್ಲ. ಆದರೆ ‘ಮೂಡು ಪನಿ’ಯಲ್ಲಿ ಎರವಲಿನದ್ದು ಕೊಲೆಗಾರ ಮಾತ್ರ. ಊಟಿಯ ಆ ಮಂಜು ಯಾರದು? ಅದು ಇಳಯರಾಜಾ ಅವರ ನೂರನೆಯ ಚಿತ್ರ ಬೇರೆ. ಅಲ್ಲಿಂದ ಮುಂದೆ ಬಾಲು ಅವರ ಪಕ್ಕದಲ್ಲಿ ಹೆಚ್ಚುಕಡಿಮೆ ಕೊನೆಯವರೆಗೂ ರಾಜಾ ಅವರೇ. ಬಾಲು ಚಿತ್ರಗಳಲ್ಲಿ ಯಾರೂ ಮಾತಾಡದ ನಿಮಿಷಗಳು ಬಹಳ, ಸಂಗೀತವೂ ಬಾಯಿ ಮುಚ್ಚಿಕೊಂಡಿರುವ ನಿಮಿಷಗಳೂ ಬಹಳ. ಹಾಗೆ ಸುಮ್ಮನಿರಲು ರಾಜಾ ಅವರಂಥವರು ಒಪ್ಪಿದ್ದು ನನಗೆ ಇಂದಿಗೂ ಆಶ್ಚರ್ಯ.

ಚಾಂಪಿಯನ್ ರೀಫ್

ಎರವಲಿನ ಮಾತಿಗೆ ಒಂದು ನಗೆಚಟಾಕಿ. 1984ರಲ್ಲಿ ಅವರು ಹೊಡೆದಾಟ, ಹಾಡು, ಕುಣಿತ ತುಂಬಿದ ಒಂದು ಪಕ್ಕಾ ಮಸಾಲೆ ಚಿತ್ರ ಮಾಡಿದರು. ಹೆಸರು ‘ನೀಂಗಳ್ ಕೇಟ್ಟವೈ’. ಅಂದರೆ ‘ನೀವು ಕೇಳಿದ್ದು’. ನೀವೇ ಕೇಳಿದಿರಿ, ತಗೊಳ್ಳಿ ಎಂದು ಪ್ರೇಕ್ಷಕರ ಮುಖಕ್ಕೇ ಹೇಳಿದಂತೆ. ಮಾರನೆಯ ವರ್ಷ ರಜನಿಕಾಂತ್ ಅವರನ್ನು ಹಾಕಿಕೊಂಡೂ ಒಂದು ಮಾಡಿದರು. ನಮ್ಮೂರಲ್ಲಿ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ, ನಾನೂ ಮಾತಾಡುವುದಿಲ್ಲ.

ಆದರೆ ಅದೇ 1985ರಲ್ಲಿ ಮಲಯಾಳದಲ್ಲಿ ಮಮ್ಮೂಟ್ಟಿ, ಶೋಭನಾ ಅವರನ್ನಿಟ್ಟು ‘ಯಾತ್ರಾ’ ಮಾಡಿದರು ನೋಡಿ! ಜೈಲಿನಿಂದ ಬಿಡುಗಡೆಯಾದವನು ಬಸ್ಸಿನಲ್ಲಿ ಹೋಗುತ್ತ ಶಾಲಾ ಮಕ್ಕಳಿಗೆ ತನ್ನ ಕತೆ ಹೇಳುತ್ತಾನೆ. ತನಗಾಗಿ ಅವಳು ಕಾದಿದ್ದಾಳೋ ಇಲ್ಲವೋ ಗೊತ್ತಿಲ್ಲ. ಕೊನೆಗೆ ದೀಪಗಳು. ತಮಿಳಿನವನಾಗಿ ಇದನ್ನು ಹೇಳಲು ಸ್ವಲ್ಪ ಹೊಟ್ಟೆಕಿಚ್ಚಿದೆ.

ಗಾರೆ ಮೇಸ್ತ್ರಿ

ಸಿನಿಮಾದ ಒಳಹೊರಗು ನನಗೆ ತಿಳಿಯದು. ಮೈಸೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮನೆ ಕಟ್ಟಿಸುವ ಕೆಲಸ. ನನಗೆ ಗೊತ್ತಿರುವ ಬಾಲು ಮಹೇಂದ್ರ ಎಂದರೆ ‘ವೀಡು’ ಒಂದೇ. ಅದರ ಹೆಸರು ಇಷ್ಟು ಹೊತ್ತಾದರೂ ಯಾರ ಬಾಯಲ್ಲೂ ಬರಲಿಲ್ಲವಲ್ಲ ಎಂದು ಲಾಗಿನ್ ಆದೆ.

ಹೇಳಿ, ಪಾಯ ತೆಗೆದ ಮೇಲೆ ಮಳೆ ಬಂದು ಗುಂಡಿಯಲ್ಲಿ ನೀರು ನಿಂತರೆ ಮನೆಯ ಯಜಮಾನಿಯ ಮುಖ ಹೇಗಾಗುತ್ತದೆ ಎಂದು ಎಷ್ಟು ನಿರ್ದೇಶಕರು ತೋರಿಸಿದ್ದಾರೆ? ಕಂಟ್ರಾಕ್ಟರ್ ಸಿಮೆಂಟ್ ಮೂಟೆಗಳನ್ನು ಕದ್ದು ಸಾಗಿಸುವುದು, ಅದನ್ನು ಗಾರೆ ಕೆಲಸದ ಮಂಗಮ್ಮ ಬಂದು ಯಜಮಾನಿಗೆ ಹೇಳುವುದು, ಹೇಳಿದ್ದಕ್ಕೆ ಅವಳು ಪೆಟ್ಟು ತಿನ್ನುವುದು. ಇದು ನಡೆಯುವುದಿಲ್ಲ ಎನ್ನುವವರು ನನ್ನ ಎದುರಿಗೆ ಬನ್ನಿ. ನಾನು ಕೆಲಸ ಕಲಿತ ಮೊದಲ ಸೈಟಿನಲ್ಲೇ ಕಣ್ಣಾರೆ ಕಂಡಿದ್ದೇನೆ. ಹೇಳುವ ಧೈರ್ಯ ಆಗ ನನಗಿರಲಿಲ್ಲ.

ಇನ್ನೊಂದು ಮಾತು. ಸಿನಿಮಾದವರ ಮನೆ ಎಂದರೆ ಮುಂದುಗಡೆ ಗೋಡೆ, ಹಿಂದುಗಡೆ ಕಂಬ. ಇವರು ಹಾಗೆ ಮಾಡಲಿಲ್ಲ. ಚಿತ್ರೀಕರಣದ ಜೊತೆಜೊತೆಗೆ ನಿಜವಾದ ಮನೆಯನ್ನೇ ಕಟ್ಟಿಸಿದರು. ಅದು ನೋಡಿದ ಕೂಡಲೇ ಗೊತ್ತಾಗುತ್ತದೆ, ಇಟ್ಟಿಗೆಯ ತೂಕ ಆಳಿನ ಕೈಯಲ್ಲಿ ಕಾಣಿಸುತ್ತದೆ. ಖಾಲಿ ಬಾಣಲಿ ಹೊರುವ ನಟಿಯರನ್ನು ನೋಡಿ ನೋಡಿ ಬೇಸತ್ತವನು ನಾನು.

ಮಲೆನಾಡ ಗುಮಾಸ್ತ

ಮೇಸ್ತ್ರಿಗಳೇ, ನಿಮಗೆ ಇಲ್ಲಿಂದಲೇ ಕೈಮುಗಿಯುತ್ತೇನೆ. ನಾನು ಮೊದಲ ಬರಹದಲ್ಲಿ ಹೇಳದೆ ಬಚ್ಚಿಟ್ಟುಕೊಂಡಿದ್ದ ಚಿತ್ರ ಅದೇ. 1988ರದ್ದು. ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಪ್ರಶಸ್ತಿ ಬಂದ ಪ್ರಾದೇಶಿಕ ಚಿತ್ರಗಳನ್ನು ತೋರಿಸುತ್ತಿದ್ದ ಕಾಲ. ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು ಕುಳಿತವನು ಉಗುಳಲು ಏಳಲಿಲ್ಲ.

ನೋಡದವರಿಗಾಗಿ: ಸುಧಾ ಎಂಬ ಕೆಲಸಕ್ಕೆ ಹೋಗುವ ಹುಡುಗಿ, ಅವಳ ತಂಗಿ, ಮುದುಕ ತಾತ. ಬಾಡಿಗೆ ಮನೆ ಬಿಡಿ ಎನ್ನುತ್ತಾರೆ. ಇನ್ನೊಂದು ಬಾಡಿಗೆ ಮನೆ ಕೈಗೆಟಕುವುದಿಲ್ಲ. ಇರುವ ಎರಡು ಸೈಟುಗಳಲ್ಲಿ ಒಂದನ್ನು ಮಾರಿ, ಸಾಲ ಮಾಡಿ, ಇನ್ನೊಂದರಲ್ಲಿ ಮನೆ ಕಟ್ಟಲು ಇಳಿಯುತ್ತಾಳೆ. ದುಡ್ಡು ಕೊಡುತ್ತೇನೆ ಎನ್ನುವ ಮೇಲಧಿಕಾರಿಯ ಕಣ್ಣು ಬೇರೆ ಕಡೆ ಇರುತ್ತದೆ. ಹಾಡಿಲ್ಲ. ಖಳನಾಯಕನೂ ಇಲ್ಲ, ಅಂದರೆ ಇಂಥವನೇ ಎಂದು ಬೆರಳು ಮಾಡಲು ಯಾರೂ ಸಿಗುವುದಿಲ್ಲ. ಹಿನ್ನೆಲೆಗೆ ಇಳಯರಾಜಾ ಮೊದಲೇ ಹೊರತಂದಿದ್ದ ‘ಹೌ ಟು ನೇಮ್ ಇಟ್’ ಸಂಗೀತವನ್ನೇ ಬಳಸಿಕೊಂಡರು. ಸುಧಾ ಆಗಿದ್ದ ಅರ್ಚನಾ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು, ಚಿತ್ರಕ್ಕೂ ಬಂತು. ತಾತ ಚೊಕ್ಕಲಿಂಗ ಭಾಗವತರು, ಹಳೆಯ ನಾಟಕರಂಗದವರು. ಅರ್ಧ ಎದ್ದ ಮನೆಯನ್ನು ನೋಡಲು ಆ ಮುದುಕ ಒಬ್ಬನೇ ಬರುತ್ತಾನೆ. ಗೋಡೆಯನ್ನು ಮುಟ್ಟಿ ನೋಡುತ್ತಾನೆ, ಕೋಣೆಯಿಂದ ಕೋಣೆಗೆ ಅಡ್ಡಾಡುತ್ತಾನೆ. ಮಾತಿಲ್ಲ. ನಮ್ಮಪ್ಪನನ್ನು ನಾನು ಹಾಗೆ ನೋಡಿದ್ದೆ, ನಾನು ಕಟ್ಟಿಸುತ್ತಿದ್ದ ಮನೆಯ ಬಾಗಿಲಿಲ್ಲದ ಹೊಸ್ತಿಲಲ್ಲಿ.

ಕೊನೆಗೆ ನೀರು ಸರಬರಾಜು ಮಂಡಳಿಯವರು ಬಂದು ಈ ಜಾಗ ನಮ್ಮದು ಎನ್ನುತ್ತಾರೆ.

ಶರಾವತಿ

‘ವೀಡು’ ಬಗ್ಗೆ ನನಗೆ ತಕರಾರಿಲ್ಲ. ಇಷ್ಟು ಹೊತ್ತು ಜಗಳವಾಡಿದವಳು ಹೇಳುತ್ತಿದ್ದೇನೆ, ಅದು ದೊಡ್ಡ ಚಿತ್ರ. ಯಾಕೆ ಗೊತ್ತೇ? ಅದರಲ್ಲಿ ಆ ಗಂಡಸು ಇಲ್ಲ. ತಪ್ಪು ಮಾಡಿ, ಮರುಗಿ, ನಮ್ಮಿಂದ ಕ್ಷಮೆ ಬೇಡುವ ಆ ಗಂಡಸನ್ನು ಅವರು ಅದೊಂದು ಸಲ ಮನೆಯಿಂದ ಆಚೆ ಕಳಿಸಿದರು. ಸುಧಾಳ ಗೆಳೆಯ ಇದ್ದಾನೆ, ಒಳ್ಳೆಯವನೇ, ಆದರೆ ಬದಿಗಿದ್ದಾನೆ. ತಾಯಿ ಮನೆ ಕಟ್ಟಿಸಲು ಪಟ್ಟ ಪಾಡನ್ನು ಕಂಡು ಮಾಡಿದ ಚಿತ್ರವಂತೆ. ತನ್ನ ಕತೆ ಬಿಟ್ಟು ಅಮ್ಮನ ಕತೆ ಹೇಳಹೊರಟಾಗ ಅವರ ಕ್ಯಾಮೆರಾಕ್ಕೆ ಹೆಣ್ಣಿನ ಚೆಲುವಿಗಿಂತ ಹೆಣ್ಣಿನ ದಣಿವು ಕಂಡಿತು.

ಮರುವರ್ಷದ ‘ಸಂಧ್ಯಾ ರಾಗಂ’ ಕೂಡ ಹಾಗೆಯೇ. ಅದೇ ಭಾಗವತರು, ಅದೇ ಅರ್ಚನಾ. ಹಳ್ಳಿಯಿಂದ ಪಟ್ಟಣಕ್ಕೆ, ತಮ್ಮನ ಮಗನ ಇಕ್ಕಟ್ಟಿನ ಸಂಸಾರಕ್ಕೆ ಬಂದು ಸೇರುವ ಮುದುಕ. ಯಾರೂ ಕೆಟ್ಟವರಲ್ಲ, ಮನೆಯಲ್ಲಿ ಜಾಗವಿಲ್ಲ, ಅಷ್ಟೆ.

ಮೂರನೆಯ ಸಾಲು

ಒಪ್ಪುತ್ತೇನೆ. ಈ ಎರಡಕ್ಕೂ ಹಾಲಿವುಡ್ಡಿನಲ್ಲಿ ಅಣ್ಣಂದಿರಿಲ್ಲ ಎಂಬುದನ್ನೂ ಸೇರಿಸಿಕೊಳ್ಳಿ. ಅಂದ ಹಾಗೆ ತಮಿಳಿನ ‘ವೀಡು’ ಬೇರೇನೂ ಅಲ್ಲ, ನಮ್ಮ ‘ಬೀಡು’ವೇ. ಅಲ್ಲಿ ಎರಡು ಕೋಣೆಯ ಮನೆಗೂ ಆ ಪದ ಸಾಕು, ನಾವು ಅದನ್ನು ಅರಸರಿಗೆ, ಜೈನ ಬಲ್ಲಾಳರಿಗೆ ಬಿಟ್ಟುಕೊಟ್ಟು ಕುಳಿತಿದ್ದೇವೆ.

ಬೆಳಕಿಂಡಿ

ಶರಾವತಿಯವರ ಮಾತನ್ನು ಎರಡು ದಿನ ತಲೆಯಲ್ಲಿಟ್ಟುಕೊಂಡು ‘ವೀಡು’ ಮತ್ತೆ ನೋಡಿದೆ. ಬೆಳಕಿನಲ್ಲೂ ಅದು ನಿಜ. ‘ಮೂನ್ರಾಮ್ ಪಿರೈ’ಯಲ್ಲಿ ಶ್ರೀದೇವಿಯ ಕೂದಲಿನ ಅಂಚಿಗೆ ಸೂರ್ಯ ಬಂದು ಕೂರುತ್ತಾನೆ, ಕ್ಯಾಮೆರಾ ಅವಳನ್ನು ಪ್ರೀತಿಸುತ್ತಿದೆ ಎಂದು ಕುರುಡನಿಗೂ ಗೊತ್ತಾಗುತ್ತದೆ. ‘ವೀಡು’ನಲ್ಲಿ ಹಾಗೆ ಪ್ರೀತಿಸುವ ಬೆಳಕೇ ಇಲ್ಲ. ಬಿಸಿಲು ಎಂದರೆ ಬಿಸಿಲು, ಟ್ಯೂಬ್‌ಲೈಟ್ ಎಂದರೆ ಟ್ಯೂಬ್‌ಲೈಟ್. ಅಷ್ಟು ಚೆಂದ ತೆಗೆಯಬಲ್ಲವರು ಚೆಂದ ಬೇಡವೆಂದು ಕೈ ಕಟ್ಟಿಕೊಂಡು ನಿಂತಿದ್ದಾರೆ. ನಮ್ಮ ಕಸುಬಿನಲ್ಲಿ ಇದಕ್ಕಿಂತ ಕಷ್ಟದ್ದು ಇಲ್ಲ.

ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿದೆ. ಆ ‘ವೀಡು’ವಿನ ಮೂಲ ನೆಗೆಟಿವ್ ಹಾಳಾಗಿಹೋಯಿತು. ಮುಪ್ಪಿನಲ್ಲಿ ಅವರು ಇದನ್ನು ವೇದಿಕೆಯ ಮೇಲೆ ಹೇಳಿಕೊಂಡು ನೊಂದರು, ಚಿತ್ರಗಳನ್ನು ಕಾಪಿಡಲು ಒಂದು ಸಂಗ್ರಹಾಲಯ ಬೇಕೆಂದು ಕೇಳಿದರು. ನಾವು ಇಂದು ನೋಡುತ್ತಿರುವುದು ಟಿವಿಗೆಂದು ಮಾಡಿದ ಮಸುಕು ಪ್ರತಿಗಳನ್ನು. ಅದರಲ್ಲೇ ಇಷ್ಟು ಕಂಡರೆ ಮೂಲದಲ್ಲಿ ಏನಿತ್ತೋ.

ಚಾಂಪಿಯನ್ ರೀಫ್

ಸರಿ, ಸೋತೆ ಎಂದು ಬರೆದುಕೊಳ್ಳಿ. ಅರ್ಧ ಸೋತೆ.

ಆದರೆ ಕೊನೆಯ ವರ್ಷಗಳನ್ನು ಬಿಟ್ಟರೆ ಅವರಿಗೆ ಅನ್ಯಾಯ. ಚಿತ್ರಗಳು ಸಿಗದಿದ್ದಾಗ ಸನ್ ಟಿವಿಗೆ ‘ಕದೈ ನೇರಂ’ ಮಾಡಿದರು, ವಾರಕ್ಕೊಂದು ತಮಿಳು ಸಣ್ಣಕತೆ. ನಮ್ಮ ಮನೆಯಲ್ಲಿ ಧಾರಾವಾಹಿಗಳ ನಡುವೆ ಅದು ಬಂದರೆ ಗಲಾಟೆ ತಾನಾಗಿ ನಿಲ್ಲುತ್ತಿತ್ತು. ಚೆನ್ನೈನಲ್ಲಿ ‘ಸಿನಿಮಾ ಪಟ್ಟರೈ’ ಎಂಬ ಶಾಲೆ ತೆರೆದರು. ಪಟ್ಟರೈ ಎಂದರೆ ಕಮ್ಮಾರಸಾಲೆ. ಅಕಾಡೆಮಿ, ಇನ್‌ಸ್ಟಿಟ್ಯೂಟ್ ಎಂಬಂಥ ಹೆಸರು ಬೇಡವಾಯಿತು ನೋಡಿ. ಅವರ ಕೈಕೆಳಗೆ ಬೆಳೆದವರು ಯಾರೆಂದರೆ ಬಾಲಾ, ವೆಟ್ರಿಮಾರನ್, ರಾಮ್, ಸೀನು ರಾಮಸಾಮಿ. ದಿನಕ್ಕೊಂದು ಸಣ್ಣಕತೆ ಓದಿ ಅದರ ಸಾರ ಬರೆದು ತೋರಿಸಬೇಕಿತ್ತಂತೆ, ವೆಟ್ರಿಮಾರನ್ ಹೇಳಿಕೊಂಡಿದ್ದಾರೆ. ವೆಟ್ರಿಮಾರನ್ ಇಂದಿಗೂ ಪುಸ್ತಕದ ಬೆನ್ನು ಹತ್ತಿ ಸಿನಿಮಾ ಮಾಡುವುದು ಸುಮ್ಮನೆ ಬಂದ ಚಾಳಿಯಲ್ಲ.

ಮೂರನೆಯ ಸಾಲು

ಕನ್ನಡದ ಲೆಕ್ಕಕ್ಕೆ ಒಂದು ಸಣ್ಣ ಸೇರ್ಪಡೆ. 1995ರ ‘ಸತಿ ಲೀಲಾವತಿ’ಯಲ್ಲಿ ದಾರಿ ತಪ್ಪುವ ಗಂಡ ನಮ್ಮ ರಮೇಶ್ ಅರವಿಂದ್. ಹತ್ತು ವರ್ಷದ ಮೇಲೆ ರಮೇಶ್ ಮೊದಲ ಸಲ ನಿರ್ದೇಶನಕ್ಕೆ ಇಳಿದಾಗ ಆರಿಸಿಕೊಂಡದ್ದು ಅದೇ ಕತೆಯನ್ನು, ‘ರಾಮ ಶಾಮ ಭಾಮ’. ಕಮಲ್ ಹಾಸನ್ ಕೂಡ ಬಂದರು. ಅಲ್ಲಿ ಕೊಯಮತ್ತೂರಿನ ತಮಿಳು ಆಡಿದವರು ಇಲ್ಲಿ ಉತ್ತರ ಕರ್ನಾಟಕದ ಕನ್ನಡ ಆಡಿದರು. ಬಾಲು ತಾವು ಮರಳಿ ಬರದಿದ್ದರೂ ಅವರ ಒಂದು ಕತೆ ಬಂದು ಹೋಯಿತು. ಇಂಗ್ಲಿಷಿನಿಂದ ಎರವಲು ತಂದ ಕತೆ ಎಂಬುದು ಬೇರೆ ಮಾತು, ನಾನು ಬಿಡುವವನಲ್ಲ.

ಶರಾವತಿ

‘ತಲೈಮುರೈಗಳ್’ ನೋಡಿದ್ದೀರಾ ಯಾರಾದರೂ? 2013ರ ಡಿಸೆಂಬರಿನಲ್ಲಿ ಬಂತು, ಶಶಿಕುಮಾರ್ ನಿರ್ಮಾಪಕರು. ಎಪ್ಪತ್ತು ದಾಟಿದ ಬಾಲು ಮಹೇಂದ್ರ ತಾವೇ ತಾತನಾಗಿ ನಟಿಸಿದ್ದಾರೆ, ಯಾವಾಗಲೂ ತಲೆಯ ಮೇಲಿರುತ್ತಿದ್ದ ಆ ಟೋಪಿಯಿಲ್ಲದೆ. ಜಾತಿ, ಮತ ಎಂದು ಮಗನನ್ನು ದೂರವಿಟ್ಟ ಹಳ್ಳಿಯ ಹಟಮಾರಿ ಮುದುಕ. ತಮಿಳೇ ಬಾರದ ಪಟ್ಟಣದ ಮೊಮ್ಮಗ. ಅಜ್ಜ ಹುಡುಗನಿಗೆ ತಮಿಳು ಕಲಿಸುತ್ತಾನೆ, ಹುಡುಗ ಅಜ್ಜನಿಗೆ ಇಂಗ್ಲಿಷ್ ಕಲಿಸುತ್ತಾನೆ. ರಾಷ್ಟ್ರೀಯ ಭಾವೈಕ್ಯದ ಚಿತ್ರವೆಂದು ಪ್ರಶಸ್ತಿ ಬಂತು, ಪಡೆಯಲು ಅವರಿರಲಿಲ್ಲ. ಬಿಡುಗಡೆಯಾಗಿ ಎರಡು ತಿಂಗಳೂ ತುಂಬುವ ಮೊದಲು, 2014ರ ಫೆಬ್ರುವರಿ 13ರಂದು ಹೋದರು.

ಅದರಲ್ಲೂ ಒಂದು ತಪ್ಪು ಮಾಡಿದ ಗಂಡಸು ಇದ್ದಾನೆ. ಈ ಸಲ ಆ ಪಾತ್ರವನ್ನು ಇನ್ನೊಬ್ಬ ಚೆಲುವನಿಗೆ ಕೊಡಲಿಲ್ಲ, ತಮ್ಮ ಸುಕ್ಕಿನ ಮುಖವನ್ನೇ ಕ್ಯಾಮೆರಾದ ಮುಂದಿಟ್ಟರು. ಶೋಭಾಳ ವಿಷಯದಲ್ಲಿ ನನ್ನ ಸಿಟ್ಟು ಇದರಿಂದ ಇಳಿಯಿತು ಎಂದು ತಿಳಿಯಬೇಡಿ.

ಮಲೆನಾಡ ಗುಮಾಸ್ತ

ಇಳಿಯಬೇಕಾಗಿಯೂ ಇಲ್ಲ ತಾಯಿ. ನಲವತ್ತೈದು ವರ್ಷ ನಾನು ‘ಕೋಕಿಲ’ವನ್ನು ನೆನೆಸಿಕೊಂಡಾಗಲೆಲ್ಲ ಆ ಬ್ಯಾಂಕಿನವನನ್ನೇ ನೆನೆಸಿಕೊಂಡೆ. ಅಯ್ಯೋ ಪಾಪ, ನನ್ನ ವಯಸ್ಸಿನವನು ಎಂದು. ಮನೆಗೆಲಸದ ಹುಡುಗಿಯ ಮುಖ ನಿನ್ನೆ ರಾತ್ರಿ ನೆನಪಿಸಿಕೊಳ್ಳಲು ನೋಡಿದೆ. ರೋಜಾ ರಮಣಿ ಎಂದು ಹೆಸರು ಬರುತ್ತದೆ, ಮುಖ ಬರುವುದಿಲ್ಲ.

ಗಾರೆ ಮೇಸ್ತ್ರಿ

ನಿನ್ನೆ ಸಂಜೆ ಒಂದು ಕೆಲಸ ಮಾಡಿದೆ. ನನ್ನ ಸೈಟಿನ ಯಜಮಾನಿ ಒಬ್ಬರು ಟೀಚರ್, ಗಂಡ ಇಲ್ಲ, ಸಾಲ ಮಾಡಿ ಕಟ್ಟಿಸುತ್ತಿದ್ದಾರೆ. ಅವರಿಗೆ ‘ವೀಡು’ ಕಳಿಸಿದೆ. ಕಳಿಸಿದ ಮೇಲೆ ತಪ್ಪು ಮಾಡಿದೆನೇನೋ ಎಂದು ರಾತ್ರಿಯೆಲ್ಲ ನಿದ್ದೆ ಇಲ್ಲ.

ಬೆಳಿಗ್ಗೆ ಏಳಕ್ಕೆ ಸೈಟಿಗೆ ಹೋದರೆ ಅವರು ಆಗಲೇ ಬಂದು ನಿಂತಿದ್ದಾರೆ. ಸಿನಿಮಾದ ಬಗ್ಗೆ ಒಂದು ಮಾತಿಲ್ಲ. ಶೆಡ್ಡಿನ ಬೀಗ ತೆಗೆಸಿ ಸಿಮೆಂಟ್ ಮೂಟೆಗಳನ್ನು ಒಂದೊಂದಾಗಿ ಎಣಿಸಿದರು. ಮೂವತ್ತೆಂಟು ಇರಬೇಕಿತ್ತು, ಮೂವತ್ತೆಂಟೇ ಇತ್ತು. ಆಮೇಲೆ ನೀರು ಹಾಕುವ ಹೆಂಗಸಿನ ಹತ್ತಿರ ಹೋಗಿ, ನಿನ್ನ ಹೆಸರೇನಮ್ಮ ಎಂದು ಕೇಳಿದರು.